ಟಾಕಿಯ ಸುತ್ತಳತೆ

ಬಸವಕಲ್ಯಾಣದ ಲಾಲ್ ಅಹ್ಮದ್ ಮೂವತ್ತು ವರ್ಷಗಳಿಂದ ಕಾರ್ಖಾನೆಗಳ ಟಾಕಿಗಳಿಗೆ, ಅಂದರೆ ದ್ರಾವಣ ತುಂಬಿಡುವ ದೊಡ್ಡ ಕಬ್ಬಿಣದ ತೊಟ್ಟಿಗಳಿಗೆ, ಬಣ್ಣ ಬಳಿಯುತ್ತ ಬಂದವನು. ಇಷ್ಟು ಬಣ್ಣ ಬೇಕೆಂದು ಅವನು ಹೇಳಿದರೆ ಒಂದು ಡಬ್ಬಿಯೂ ಉಳಿಯುತ್ತಿರಲಿಲ್ಲ, ಕಡಿಮೆಯೂ ಬೀಳುತ್ತಿರಲಿಲ್ಲ. ಟೇಪು ಹಿಡಿದು ಟಾಕಿಯನ್ನು ಒಂದು ಸುತ್ತು ಬರುತ್ತಿದ್ದ. ಸುತ್ತಳತೆಯನ್ನು ಎತ್ತರದಿಂದ ಗುಣಿಸಿ, ಮೇಲಿನ ಮುಚ್ಚಳದ ಅಳತೆ ಕೂಡಿಸುತ್ತಿದ್ದ. ತುಕ್ಕು ಹಿಡಿದ ಕಬ್ಬಿಣವಾದರೆ ಎಂಟು ಚದರ ಮೀಟರಿಗೆ ಒಂದು ಲೀಟರು.

ಕಳೆದ ಏಪ್ರಿಲಿನಲ್ಲಿ ಹುಮನಾಬಾದಿನ ಒಂದು ಕೆಮಿಕಲ್ ಕಾರ್ಖಾನೆಯವರು ಕರೆಸಿದರು. ಮೂರು ವರ್ಷದ ಹಿಂದೆ ಅವನೇ ಬಣ್ಣ ಬಳಿದಿದ್ದ ಟಾಕಿ. ಡೈರಿಯಲ್ಲಿ ಹಳೆಯ ಅಳತೆ ಇತ್ತು: ಸುತ್ತಳತೆ ಮೂವತ್ತೊಂದು ಮೀಟರ್ ನಲವತ್ತು ಸೆಂಟಿಮೀಟರ್, ಎತ್ತರ ಒಂಬತ್ತು ಮೀಟರ್. ಒಂದು ಕೈಗೆ, ಅಂದರೆ ಒಂದು ಸಲ ಬಳಿಯಲು, ನಲವತ್ತೈದು ಲೀಟರು, ಎರಡು ಕೈಗೆ ತೊಂಬತ್ತು. ಹೊಸದಾಗಿ ಅಳೆಯಬೇಕಾಗಿರಲಿಲ್ಲ. ಆದರೂ ರೂಢಿಬಲದಿಂದ ಅಳೆದ. ಎದೆಮಟ್ಟದಲ್ಲಿ ಅಷ್ಟೇ ಬಂತು. ಮೊಣಕಾಲಮಟ್ಟದಲ್ಲಿ ಮಾತ್ರ ಹನ್ನೆರಡು ಸೆಂಟಿಮೀಟರ್ ಹೆಚ್ಚು.

ಮತ್ತೆ ಅಳೆದ. ಅಷ್ಟೇ. ಅಂಗೈ ಇಟ್ಟು ಸವರಿದ. ಬುಡದ ತಗಡು ಮೆಲ್ಲಗೆ ಹೊರಕ್ಕೆ ಉಬ್ಬಿತ್ತು. ಆ ಉಬ್ಬಿಗೇ ಬೆನ್ನು ಒರಗಿಸಿ, ಚೀಲ ಹೊಲಿಯುವ ಕೆಲಸದ ಕಮಳಾಬಾಯಿ ಮತ್ತು ಆರು ಹೆಂಗಸರು ನೆರಳಿನಲ್ಲಿ ಬುತ್ತಿ ಬಿಚ್ಚಿದ್ದರು.

ಲಾಲ್ ಅಹ್ಮದ್ ಸೂಪರ್‌ವೈಸರ್ ಮಹಾರುದ್ರಪ್ಪನ ಬಳಿ ಹೋದ.

“ಸಾಹೇಬ್ರ, ಟಾಕಿ ಬುಡದಾಗ ಉಬ್ಬಾಕತ್ತದ. ಮೊದಲ ಖಾಲಿ ಮಾಡಿಸ್ರಿ.”

“ಬಿಸಲಿಗೆ ಕಬ್ಬಿಣ ಹಿಗ್ಗತದ, ಲಾಲಭಾಯಿ. ಬಣ್ಣ ಎಷ್ಟ ಬೇಕು ಅಷ್ಟ ಹೇಳು. ಮುಂದಿನ ವಾರ ತಪಾಸಣೆಯವರು ಬರ್ತಾರ.”

“ಬಿಸಲಿಗೆ ಹಿಗ್ಗಿದ್ರ ಪೂರಾ ಹಿಗ್ಗಬೇಕಲ್ರಿ. ಬುಡ ಅಷ್ಟ ಯಾಕ ಹಿಗ್ಗತದ?”

ಮಹಾರುದ್ರಪ್ಪ ಫೋನ್ ಎತ್ತಿಕೊಂಡು ಆಚೆ ನಡೆದ.

ಮರುದಿನ ಬಿಸಿಲೇರುವ ಮೊದಲೇ ಲಾಲ್ ಅಹ್ಮದ್ ಬಂದು, ತಣ್ಣಗಿದ್ದ ಕಬ್ಬಿಣಕ್ಕೆ ಟೇಪು ಸುತ್ತಿದ. ನಿನ್ನೆಗಿಂತ ಎರಡು ಸೆಂಟಿಮೀಟರ್ ಹೆಚ್ಚು.  ಕೆಂಪು ಬಣ್ಣದ ಡಬ್ಬಿ ತೆರೆದು ಟಾಕಿಯಿಂದ ನಲವತ್ತು ಹೆಜ್ಜೆ ದೂರಕ್ಕೆ ನೆಲದ ಮೇಲೆ ಗೆರೆ ಎಳೆದ. ಊಟದ ಹೊತ್ತಿಗೆ ಹೆಂಗಸರು ಬಂದಾಗ ಅಡ್ಡ ನಿಂತ.

“ಕಮಳಾಬಾಯಿ, ಅವ್ವಾ, ಕೈ ಮುಗಿತೀನಿ. ಈ ಗೆರಿ ದಾಟಿ ಟಾಕಿ ಕಡಿ ಯಾರೂ ಕೂಡಬ್ಯಾಡ್ರಿ.”

“ಬಿಸಲಾಗ ಹ್ಯಾಂಗ ಕೂಡೋದು ಭಾಯಿ?” ಎಂದಳು ಆಕೆ. ಆಮೇಲೆ ಅವನ ಮುಖ ನೋಡಿದಳು. ಬುತ್ತಿ ಎತ್ತಿಕೊಂಡು ಎಲ್ಲರನ್ನೂ ಕರೆದುಕೊಂಡು ಗೇಟಿನ ಕಡೆಗೆ ಹೋದಳು.

ಗೆರೆ ಕಂಡ ಮಹಾರುದ್ರಪ್ಪ ಸಿಡಿದೆದ್ದ. “ಮಂದಿಗೆ ಹೆದರಸಾಕತ್ತಿಯೇನು? ನಿನ್ನ ಕೆಲಸ ಬ್ಯಾಡ. ನಡಿ.” ಲಾಲ್ ಅಹ್ಮದ್ ಟೇಪು ಸುತ್ತಿಕೊಂಡು ಬಸ್ಸು ಹತ್ತಿದ. ತನ್ನ ಬದಲಿಗೆ ಯಾರನ್ನು ಕರೆಸುತ್ತಾರೆಂದು ಕೇಳಬೇಕೆಂಬುದು ಅವನಿಗೆ ಹೊಳೆಯಲೇ ಇಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ, ಊಟದ ಹೊತ್ತಿಗೆ, ಬುಡದ ಬೆಸುಗೆ ಬಿರಿಯಿತು. ಒಳಗಿನ ದ್ರಾವಣ ಪಕ್ಕದ ಗೋಡೆಯನ್ನೇ ಕೆಡವಿಕೊಂಡು ನುಗ್ಗಿತು. ಹೆಂಗಸರು ಗೇಟಿನ ಹತ್ತಿರವಿದ್ದರು. ಏಳೂ ಜನ ಉಳಿದರು. ಏಣಿಯ ಮೇಲಿದ್ದ ಪೇಂಟರ್ ಕೆಳಗೆ ಬಿದ್ದ. ಅವನು ಹುಸೇನ. ಹತ್ತು ವರ್ಷ ಲಾಲ್ ಅಹ್ಮದನ ಕೈಕೆಳಗೆ ಕೆಲಸ ಕಲಿತವನು.

ಆಸ್ಪತ್ರೆಯಲ್ಲಿ ಹುಸೇನನ ಎರಡೂ ಕಾಲುಗಳಿಗೆ ತೊಡೆಯವರೆಗೆ ಪಟ್ಟಿ ಕಟ್ಟಿದ್ದರು. ಲಾಲ್ ಅಹ್ಮದ್ ಪಕ್ಕದಲ್ಲಿ ಕುಳಿತ. ಬಹಳ ಹೊತ್ತಿನ ಮೇಲೆ ಹುಸೇನ ಕಣ್ಣು ತೆರೆದ.

“ಉಸ್ತಾದ್, ನೀವು ಕಲಿಸಿದಂಗ ಬುಡದಾಗೂ ಅಳದಿದ್ದೆ. ಮೂವತ್ತೊಂದು ಅರವತ್ತು ಬಂತು, ಎದಿಮಟ್ಟಕ್ಕಿಂತ ಇಪ್ಪತ್ತು ಹೆಚ್ಚು. ಟೇಪ್ ಜಗ್ಗಿ ಸಡಿಲಾಗ್ಯದ ಅಂತ ತಿಳಕೊಂಡೆ.”

ಲಾಲ್ ಅಹ್ಮದ್ ಹತ್ತಿರ ಸರಿದ. ನೀರಿನ ಲೋಟವನ್ನು ಅವನ ತುಟಿಗೆ ಹಿಡಿದ.