ಬೀರಣ್ಣನ ಪಾಲಿನ ಕುರಿ

ಮೊನ್ನೆ ಒಬ್ಬಳು ನನ್ನ ದುಡ್ಡು ಬೇಡ ಅಂದಳು. ಸಾಲ ಅಲ್ಲ ಕಣೇ, ಸುಮ್ಮನೆ ಇಟ್ಟುಕೋ ಅಂದೆ. "ನಿಮ್ಮ ಕಾಸು ನಮ್ಗೆ ಆಗಲ್ಲ ಅಕ್ಕಾ" ಅಂದುಬಿಟ್ಟಳು. ಬ್ಯಾಂಕಿನಲ್ಲಿ ಇಷ್ಟು ವರ್ಷ ಕೂತಿದ್ದೀನಿ, ದುಡ್ಡಿಗೆ ಇಂಥ ಮರ್ಯಾದೆ ಸಿಕ್ಕಿದ್ದು ನೋಡಿರಲಿಲ್ಲ.

ಅವಳು ಲಕ್ಕಮ್ಮ. ನಂಗವಳ್ಳಿ ಕಡೆಯ ಕುರಿಯವರ ಮನೆಯ ಸೊಸೆ. ನಮ್ಮಣ್ಣನ ಹೊಲದಲ್ಲಿ ಗೊಬ್ಬರಕ್ಕೆ ವರ್ಷಾ ವರ್ಷ ಅವರದೇ ಮಂದೆ ನಿಲ್ಲೋದು. ಗಂಡ ಬೀರಣ್ಣ ಈಗ ಸೇಲಂ ಜೈಲಲ್ಲಿದ್ದಾನೆ. ಯಾರದೋ ಜೋಳದ ಹೊಲಕ್ಕೆ ಕುರಿ ನುಗ್ಗಿ, ಮಾತಿಗೆ ಮಾತು ಬೆಳೆದು, ಇವನು ಬೀಸಿದ ಕೋಲು ಆ ಮನುಷ್ಯನ ತಲೆಗೆ ಬಿತ್ತು. (ಆತ ಉಳಿದುಕೊಂಡ. ಇವನು ಒಳಗೆ ಹೋದ.)

ತಿಂಗಳಿಗೊಮ್ಮೆ ಲಕ್ಕಮ್ಮ ಓಮಲೂರಲ್ಲಿ ಬಸ್ ಬದಲಾಯಿಸಿ ಸೇಲಂನ ನಮ್ಮನೆಗೆ ಬರುತ್ತಾಳೆ. ಚೀಲ ಇಲ್ಲಿಟ್ಟು 'ಮನು' ನೋಡೋಕೆ ಹೋಗುತ್ತಾಳೆ. (ಜೈಲಿನ ಭೇಟಿಗೆ ಇಲ್ಲೆಲ್ಲ ಹಾಗೇ ಅನ್ನೋದು.) ಅವನ ಹೆಸರಿಗೆ ಒಂದಿಷ್ಟು ಕಾಸು ಕಟ್ಟುತ್ತಾಳೆ. ಒಳಗಿನ ಕ್ಯಾಂಟೀನಲ್ಲಿ ಅವನಿಗೆ ಟೀ, ಬಿಸ್ಕತ್ತು, ಸೋಪು ಅದರಲ್ಲೇ.

ಆ ಕಾಸು ಎಲ್ಲಿಂದ? ಅವನ ಕುರಿಯಿಂದ. ಅವರ ಮನೆಯಲ್ಲಿ ಮಗು ಹುಟ್ಟಿದರೆ ಒಂದು ಹೆಣ್ಣು ಮರಿಯ ಕಿವಿಗೆ ಗುರುತು ಹಾಕಿ ಮಗುವಿನ ಪಾಲಿಗೆ ಬಿಡುತ್ತಾರೆ. ಅದರ ಮರಿ, ಮರಿಯ ಮರಿ ಎಲ್ಲ ಆ ಮಗುವಿನದೇ. ಸೊಸೆಯ ಕುರಿ ಸೊಸೆಯ ಜೊತೆ ತವರಿಂದ ಬರುತ್ತೆ, ಬೇರೆ ಗುರುತಿನದು.

"ತಪ್ಪು ಮಾಡ್ದೋರು ಅವ್ರು, ಅವ್ರ ಕುರೀನೇ ಅವ್ರನ್ನ ಸಾಕ್ಲಿ. ಒರಗೆ ಬಂದಾಗ ಯಾರ ಮುಂದೂ ತಲೆ ತಗ್ಗುಸ್ಬಾರ್ದು" ಅನ್ನೋಳು ಲಕ್ಕಮ್ಮ.

ನಾನೋ, ಕೊಯಮತ್ತೂರಿನ ಹಾಸ್ಟೆಲಲ್ಲಿರೋ ಮಗಳಿಗೆ ಫೋನಲ್ಲೇ ದುಡ್ಡು ಹಾಕೋಳು. ವಾಪಸ್ ಒಂದು ಹೆಬ್ಬೆರಳಿನ ಚಿತ್ರ ಬರುತ್ತೆ. ಅಲ್ಲಿಗೆ ಮುಗೀತು.

ಈ ಸಲ ಜೈಲಿಂದ ಬಂದ ಲಕ್ಕಮ್ಮನಿಗೆ ಕೊಟ್ಟ ಕಾಫಿ ಆರಿತು. "ಏನಾಯ್ತೇ?" ಅಂದೆ.

"ಇನ್ಮೇಲೆ ಮರಿ ಮಾರ್ಬೇಡ ಅಂದ್ರು ಅಕ್ಕಾ. ಕಾಸು ಬಂತು ಅಂದ್ರೆ ನಂದೊಂದು ಮರಿ ಓಯ್ತು ಅಂತ ಗೊತ್ತಾಯ್ತದೆ, ಆ ಟೀ ಗಂಟ್ಲಲ್ಲಿ ಇಳಿಯಲ್ಲ ಅಂದ್ರು. ನಾ ಬರೋವೊತ್ಗೆ ನಂದು ಅಂತ ನಾಕು ಕುರಿ ದೊಡ್ಡೀಲಿ ನಿಂತಿರ್ಬೇಕು ಅಂದ್ರು. ನನ್ನ ಎಂಗಿದ್ದೀಯ ಅಂತ ಕೇಳೋಕ್ಮುಂಚೆ ಕುರಿ ಎಂಗವೆ ಅಂತ ಕೇಳ್ತಾರೆ" ಅಂತ ನಕ್ಕಳು. ಕಣ್ಣು ತುಂಬಿತ್ತು.

"ಸಾಯಂಕಾಲ ಆದ್ರೆ ಆಗಲ್ಲ ಅಕ್ಕಾ. ಅವ್ರು ಕೂಗಿದ್ರೆ ಕುರಿ ಎಲ್ಲಿದ್ರೂ ಓಡ್ಬರೋವು. ನಾ ಕೂಗಿದ್ರೆ ತಲೆ ಎತ್ತಿ ನೋಡ್ತವೆ, ಅಷ್ಟೇ. ಅವ್ರ ದನಿ ಬೇಕು ಅವಕ್ಕೆ. ನಂಗೂ ಬೇಕು."

ಪರ್ಸ್ ತೆಗೆದೆ. ನನ್ನ ಕಾಸು ಆಗಲ್ಲ ಅಂದಿದ್ದು ಆಗಲೇ.

"ಮತ್ತೆ ಅವನಿಗೆ ಟೀ, ಸೋಪು?"

"ನನ್ನ ಕುರೀದೂ ಮರಿ ಐತಲ್ಲ, ಮಾರಿ ಕಟ್ತೀನಿ. ನಿಮ್ಮಣ್ಣನ ಒಲ್ದಲ್ಲಿ ಮಂದೆ ನಿಲ್ಸಿದ್ಕೆ ಕೂಲಿ ಜಾಸ್ತಿ ಕೊಟ್ರು ಅಂತ ಏಳ್ತೀನಿ. ಅವ್ರು ಬಂದು ಕೇಳಿದ್ರೆ ನೀವು ಊಂ ಅನ್ನಿ, ಸಾಕು."

ಊಂ ಅಂದೆ. ಬಸ್ಸು ಹತ್ತಿಸಿ ಬಂದೆ.

ಅವನು ಬರೋದು ಇನ್ನೂ ದೂರದ ಮಾತು. ಆದರೆ ಬಂದವನು ಮೊದಲು ಹೋಗೋದು ದೊಡ್ಡಿಗೇ. ತನ್ನ ಗುರುತಿನ ಕುರಿ ತುಂಬಿಕೊಂಡಿರುತ್ತವೆ. ಅವಳ ಗುರುತಿನ ಮರಿ ಹುಡುಕುತ್ತಾನೆ, ಇರಲ್ಲ. ಕಿವಿ ನೋಡಿ ಕುರಿ ಯಾರದು ಅನ್ನೋ ಗಂಡಸಿನ ಮುಂದೆ ನನ್ನ ಒಂದು ಊಂ ಎಷ್ಟು ಹೊತ್ತು ನಿಲ್ಲುತ್ತೆ?