ಬರಿಯ ಅಂಗೈ ತೋರಿಸಿದ ದಾರಿ

ಭಕ್ತ ಬಂಧುಗಳಿಗೆ ಶರಣು. ಕಳೆದ ಕಾರ್ತಿಕದ ಒಂದು ಭಾನುವಾರ ನನ್ನ ತಂಗಿ ಗೌರಿ ಕಾಡಿನಲ್ಲಿ ಕಾಣೆಯಾದಳು. ಕರೆದುಕೊಂಡು ಹೋದವಳು ನಾನು. ಬಿಟ್ಟು ಓಡಿದವಳೂ ನಾನೇ.

ನಾವು ಕಾಶಿಯ ಶಿವಾಲ ಎಂಬ ಬಡಾವಣೆಯಲ್ಲಿ ನೆಲೆಸಿರುವ ಕಲಬುರಗಿ ಕಡೆಯವರು. ಅಪ್ಪ ಮಠದ ಅಡುಗೆಯವರು. ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಮಠದ ಪಾತ್ರೆ ತಿಕ್ಕಿ ಓದಿದ್ದೇನೆ, ಆ ಹೆಮ್ಮೆ ಈಗಲೂ ಇದೆ. ಭೇಲೂಪುರದ ಕಚೇರಿಯೊಂದರಲ್ಲಿ ಕೆಲಸ. ಅಲ್ಲಿನ ಗೆಳತಿಯರ ಜೊತೆ ರಜೆಯ ದಿನ ಚಂದೌಲಿ ಕಡೆಯ ಬೆಟ್ಟಗಳಲ್ಲಿ ಓಡುವುದನ್ನು ಹಚ್ಚಿಕೊಂಡಿದ್ದೆ. ಇಳಿಜಾರಿನಲ್ಲಿ ಕೊರಳಿನ ಲಿಂಗದ ಕರಡಿಗೆ ಎದೆಗೆ ಬಡಿಯುತ್ತದೆಂದು, ಓಟದ ದಿನ ಅದನ್ನು ಬಿಚ್ಚಿ ದೇವರ ಗೂಡಿನಲ್ಲಿಟ್ಟು ಹೋಗುತ್ತಿದ್ದೆ. ಅವ್ವನಿಗೆ ಹೇಳಿರಲಿಲ್ಲ.

ಆ ದಿನ ಗಾಡಿ ಬಂದಾಗ ಗೌರಿಯ ಲಿಂಗಪೂಜೆ ಆಗಿರಲಿಲ್ಲ.

"ಬಂದು ಮಾಡೀಯಂತ, ನಡಿ. ಗಾಡಿವಾಲಾ ಹಾರನ್ ಹೊಡೀಲಾಕತ್ಯಾನ," ಎಂದು ಎಳೆದುಕೊಂಡು ಹೊರಟೆ.

ಬೆಟ್ಟದ ಏಣಿನ ಮೇಲೆ ಕಿರಿದಾದ ಕಾಲುದಾರಿ, ಎರಡೂ ಕಡೆ ಇಳಿಜಾರು. ಗೌರಿ ಏದುಸಿರು ಬಿಡುತ್ತಿದ್ದಳು. ಬಾಟಲಿ ಚಾಚಿದೆ.

"ಲಿಂಗಪೂಜಾ ಆಗದೇ ನೀರು ಹೆಂಗ ಕುಡೀಲಿ ಅಕ್ಕಾ?"

"ಹಂಗಾರ ಒಣಗಿಕೋತ ಓಡು, ದೊಡ್ಡ ಶರಣಿ!"

ಅದನ್ನೇ ಹಿಂದಿಯಲ್ಲಿ ಹೇಳಿ ಗೆಳತಿಯರನ್ನೂ ನಗಿಸಿದೆ. ಅವಳೆದುರಿಗೇ ಗಟಗಟ ಕುಡಿದು ಮುಂದೆ ಓಡಿದೆ.

ಕೆಳಗಿಳಿದು ಎಷ್ಟು ಕಾದರೂ ಗೌರಿ ಬರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಮತ್ತೆ ಹತ್ತಿ ಗಂಟಲು ಹರಿಯುವಂತೆ ಕೂಗಿದೆವು. ಅರಣ್ಯದ ಕಾವಲುಗಾರನೂ ಬಂದ. "ಇಧರ್ ಗಿರ್ ಗಯೀ ತೋ..." ಇಲ್ಲೇ ಬಿದ್ದಿದ್ದರೆ ಎಂದು ಪ್ರಪಾತದ ಕಡೆ ನೋಡಿದ.

ನಾನು ಬಂಡೆಯ ಮೇಲೆ ಕುಸಿದು ಕೊರಳಿಗೆ ಕೈ ಹಾಕಿದೆ. ಬರಿದು. ಅಳುತ್ತ, ಪೂಜೆಗೆ ಚಾಚುವಂತೆ ಎಡಗೈ ಚಾಚಿ, "ಶಿವನೇ, ನಾ ಬಿಟ್ಟು ಬಂದೀನಿ, ಆಕಿ ಬಿಟ್ಟಿಲ್ಲ. ಆಕಿನ್ನ ಕಾಯಿ," ಎಂದೆ. ಬಲಗೈ ದಿನದ ರೂಢಿಯಂತೆ ತಾನಾಗಿಯೇ ನೀರಿನ ಗಿಂಡಿಗಾಗಿ ತಡವರಿಸಿತು.

ಆಗ ಹೊಳೆಯಿತು. ಬಾಯಾರಿದ ಗೌರಿ ಮೊದಲು ಪೂಜೆಗೆ ಕೂರಬೇಕು. ನನ್ನ ಎಂಜಲು ಬಾಟಲಿ ಅದಕ್ಕೆ ಆಗದು. ಅವಳು ಹರಿಯುವ ನೀರು ಹುಡುಕಿಕೊಂಡು ಹೋಗಿರುತ್ತಾಳೆ! ತೊರೆ ಎಲ್ಲಿದೆಯೆಂದು ಕಾವಲುಗಾರನನ್ನು ಕೇಳಿದೆ. ಅದು ನಾವು ಯಾರೂ ಹುಡುಕದ ಇನ್ನೊಂದು ಮಗ್ಗುಲಲ್ಲಿತ್ತು.

ಅಲ್ಲೇ ಇದ್ದಳು. ಜಾರಿ ಬಿದ್ದು ಕಾಲು ಮುರಿದಿತ್ತು. ಕೂಗಿ ಕೂಗಿ ದನಿ ಹೋಗಿತ್ತು. ನೀರು ತೆವಳಿದರೆ ಸಿಗುವಷ್ಟು ದೂರದಲ್ಲಿತ್ತು, ತೆವಳಲು ಶಕ್ತಿಯಿರಲಿಲ್ಲ. ಬೊಗಸೆಯಲ್ಲಿ ನೀರು ತಂದೆ. ಬಂಡೆಗೆ ಒರಗಿಕೊಂಡೇ ಲಿಂಗಕ್ಕೆ ನೀರೆರೆದು, ಆಮೇಲೆ ಕುಡಿದಳು. ಕಣ್ಣು ನನ್ನ ಕೊರಳಿನ ಮೇಲೆ ನಿಂತಿತು.

"ನಿಂದು ಎಲ್ಲಿ ಅದ ಅಕ್ಕಾ?"

"ಮನ್ಯಾಗ," ಎಂದೆ. ಆ ಒಂದು ಮಾತು ಆಡುವುದು ಬೆಟ್ಟ ಹತ್ತಿದ್ದಕ್ಕಿಂತ ಕಷ್ಟವಾಯಿತು.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವಾಗ ನರ್ಸ್ ನನಗೆ ಚಹಾ ತಂದರು. ಬೇಡವೆಂದೆ. ಅಷ್ಟರಲ್ಲಿ ಸುದ್ದಿ ತಿಳಿದ ಅವ್ವ ಆಟೊದಲ್ಲಿ ಬಂದಳು. ಗೌರಿಯ ತಲೆ ಸವರಿ, ನನ್ನ ಕಡೆ ತಿರುಗಿ ಸೆರಗಿನ ಗಂಟು ಬಿಚ್ಚಿದಳು. ಮಡಿಬಟ್ಟೆಯಲ್ಲಿ ಸುತ್ತಿದ ನನ್ನ ಕರಡಿಗೆ.

"ಕೈ ತೊಳಕೊಂಡು ಬಾ," ಎಂದಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಗೌರಿ ಈಗ ನಡೆಯುತ್ತಾಳೆ. ಬರಿಯ ಅಂಗೈಯನ್ನೂ ತಳ್ಳದೆ ಅದರಲ್ಲೇ ದಾರಿ ತೋರಿಸಿದ ಶಿವನಿಗೆ ಎಷ್ಟು ಸಲ ಶರಣೆಂದರೂ ಸಾಲದು. ನಾನು ಈಗಲೂ ಓಡುತ್ತೇನೆ. ಇಳಿಜಾರಿನಲ್ಲಿ ಕರಡಿಗೆ ಎದೆಗೆ ಬಡಿಯುತ್ತದೆ. ಬಡಿಯಲಿ.