ಮೇಸ್ತ್ರಿ ಸಾಬರ ಸರಪಳಿ

ಎಂಜಿನ್ ಎಣ್ಣೆಗೆ ಬೆರಳದ್ದಿ, ಹೆಬ್ಬೆರಳಿನಿಂದ ಉಜ್ಜಿ, ಮೂಗಿನ ಹತ್ತಿರ ಹಿಡಿದು, ಒಂದು ಕಣ್ಣು ಮುಚ್ಚಿ ಎದುರಿಗಿದ್ದವನ ಮುಖ ನೋಡುತ್ತಿದ್ದರು ನಮ್ಮ ಮೇಸ್ತ್ರಿ ಸಾಬರು. ಆ ನೋಟಕ್ಕೆ ಸಿಕ್ಕವನು ಏನೂ ಮಾಡದಿದ್ದರೂ ಬೆವರುತ್ತಿದ್ದ. ಹೊಸಕೋಟೆಯಲ್ಲಿ ಇದ್ದಿಲು ಗ್ಯಾಸಿನ ಬಸ್ಸುಗಳನ್ನು ರಿಪೇರಿ ಮಾಡುತ್ತಿದ್ದ ಅವರಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. ಮಾಂಸದಂಗಡಿಗೆ ಹೋದರೆ ಮೊದಲು ತಕ್ಕಡಿಯ ತಟ್ಟೆ ಮಗುಚಿ, ಅಡಿಯಲ್ಲಿ ಹುಣಸೆಹಣ್ಣು ಮೆತ್ತಿದ್ದಾರೇನೋ ಎಂದು ನೋಡುವರು. ಅಂಗಡಿಯವನು ಅವರ ಸ್ವಂತ ಭಾವಮೈದ!

ಯುದ್ಧದ ಕಾಲದಲ್ಲಿ ಮಿಲಿಟರಿ ಸಾಹೇಬರೊಬ್ಬರು ಭಾನುವಾರದ ವಿಹಾರಕ್ಕೆಂದು ನಮ್ಮ ಕೆರೆಗೆ ಮೋಟಾರು ದೋಣಿ ತಂದಿಟ್ಟರು. ಓಡಿಸುವ ಕೆಲಸ ನನಗೆ, ಎಂಜಿನ್ ನೋಡಿಕೊಳ್ಳುವುದು ಸಾಬರಿಗೆ. ಯಾರೋ ಕದ್ದು ದೋಣಿ ತೆಗೆದು ಮೀನು ಹಿಡಿಯುತ್ತಾರೆಂದು ಅವರಿಗೆ ಗುಮಾನಿ. ಆ ಯಾರೋ ನಾನೇ ಎಂದು ಅವರ ಕಣ್ಣು ಹೇಳುತ್ತಿತ್ತು. ತಾವೇ ಸರಪಳಿ ತಂದು, ದೋಣಿಯ ಹಿಂಬದಿಯನ್ನು ತೂಬಿನ ಕಲ್ಲುಕಂಬಕ್ಕೆ ಗಿಡ್ಡವಾಗಿ ಬಿಗಿದು ಬೀಗ ಹಾಕಿದರು. ಬೀಗದ ಕೈ ಅವರ ಕೊರಳ ತಾಯತದ ಜೊತೆ ಸೇರಿತು.

“ದನ ಕಟ್ದಂಗೆ ಕಟ್ಬೇಕಪ್ಪಾ. ಹಗ್ಗ ಉದ್ದ ಬಿಟ್ರೆ ಪಕ್ಕದ ಹೊಲ ಮೇಯ್ತದೆ,” ಎಂದರು. ದನ ಕಟ್ಟಿ ಗೊತ್ತಿದ್ದ ನಾವ್ಯಾರೂ ದೋಣಿ ಕಟ್ಟಿದವರಲ್ಲ, ಸರಿಯೆಂದು ತಲೆಯಾಡಿಸಿದೆವು.

ಮಳೆ ಹಿಡಿಯಿತು. ಕೆರೆಗೆ ಹೊಸ ನೀರು ಬರತೊಡಗಿದ ಮೇಲೆ ಎಂಜಿನ್ ಮೊಂಡು ಹಿಡಿಯಿತು. ನೀರು ಬೆರೆತು ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಸಾಬರು ಎಣ್ಣೆ ಬದಲಿಸಿದರು. ಮರುದಿನ ಮತ್ತೆ ಮಜ್ಜಿಗೆ. ಪೆಟ್ರೋಲಿನಲ್ಲಿ ಮೋಸವಿದೆಯೆಂದು ಸೀಸೆಗೆ ಹುಯ್ದು ತಿಳಿಯಾಗಲು ಬಿಟ್ಟರು. ಅಡಿಯಲ್ಲಿ ತೊಟ್ಟು ನೀರೂ ಇಳಿಯಲಿಲ್ಲ. ಎಂಜಿನ್ ತಣಿಸುವ ನೀರಿನ ಕೊಳವೆಯನ್ನೇ ಬಿಚ್ಚಿಟ್ಟು ನೋಡಿದರು, ಆದರೂ ನೀರು. ಕೊನೆಗೆ ನನ್ನ ಕಡೆ ತಿರುಗಿ ಒಂದು ಕಣ್ಣು ಮುಚ್ಚಿದರು.

ಚಳವಳಿಗಾರರು ಅಲ್ಲಲ್ಲಿ ಟೆಲಿಗ್ರಾಫ್ ತಂತಿ ಕತ್ತರಿಸುತ್ತಿದ್ದ ದಿನಗಳವು. ಗಾಂಧಿ ಟೋಪಿ ಹಾಕಿ ಒಂದು ಮೆರವಣಿಗೆಗೆ ಹೋಗಿದ್ದ ನಾನು ಬೇಕೆಂದೇ ನೀರು ಹುಯ್ದೆನೆಂದು ಸಾಹೇಬರು ತೀರ್ಮಾನಿಸಿದರು. ಬೆಳಿಗ್ಗೆ ಪೊಲೀಸರೊಂದಿಗೆ ಬರುತ್ತೇನೆಂದು ಹೇಳಿಹೋದರು. ನನ್ನ ಹೆಂಡತಿ ತುಂಬು ಬಸುರಿ. ಹೆರಿಗೆಯ ಹೊತ್ತಿಗೆ ನಾನು ಜೈಲಿನಲ್ಲಿರಬೇಕಾಗಿತ್ತು.

ಬೆಳಿಗ್ಗೆ ಸಾಹೇಬರೂ ಪೊಲೀಸರೂ ಬಂದರು. ನನ್ನ ಮನೆಯಲ್ಲಿ ಉಂಡ ಗೆಳೆಯರೆಲ್ಲ ಕೆರೆ ಏರಿಯ ಮೇಲೆ ನಿಂತಿದ್ದರು. ಒಬ್ಬನೂ ಕೆಳಗಿಳಿಯಲಿಲ್ಲ. ಸಾಬರು ಬೀಗ ತೆಗೆಯಲು ಬಗ್ಗಿದವರು ಹಾಗೇ ನಿಂತರು. ನೀರಿಗೆ ಕೈಯಿಳಿಸಿ ಹಿಂಬದಿಯಲ್ಲಿದ್ದ ಎಂಜಿನ್ನಿನ ಹೊಗೆ ಕೊಳವೆಯ ಬಾಯಿ ತಡವಿದರು. ನೀರಿನ ಮೇಲಿರಬೇಕಾದ ಬಾಯಿ ನೀರೊಳಗಿತ್ತು. ಬೀಗ ತೆಗೆದದ್ದೇ ತಡ, ದೋಣಿಯ ಹಿಂಬದಿ ಚಂಗನೆ ಮೇಲೆದ್ದಿತು, ಕೊಳವೆಯಿಂದ ನೀರು ಸುರಿಯಿತು. ದಿನಾ ಹೀಗೆ ಬೀಗ ತೆಗೆಯುತ್ತಲೇ ದೋಣಿ ಸಮನಾಗಿಬಿಡುತ್ತಿದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆಗಲೂ ಹತ್ತಿರವಿದ್ದ ನಮ್ಮಿಬ್ಬರ ಹೊರತು ಯಾರಿಗೂ ಅರ್ಥವಾಗಲಿಲ್ಲ. ಸಾಬರು ಸುಮ್ಮನಿದ್ದಿದ್ದರೆ ನನ್ನ ಮಾತನ್ನು ಯಾರು ಕೇಳುತ್ತಿದ್ದರು? ಅವರು ಸಾಹೇಬರಿಗೆ ಉರ್ದುವಿನಲ್ಲಿ ಬಿಡಿಸಿ ಹೇಳಿದರು: ರಾತ್ರಿ ಕೆರೆಯ ನೀರು ಏರಿದೆ, ದೋಣಿ ಏರಲು ಸರಪಳಿ ಬಿಟ್ಟಿಲ್ಲ, ಹಿಂಬದಿ ಮುಳುಗಿ ಹೊಗೆ ಕೊಳವೆಯಲ್ಲಿ ನೀರು ನುಗ್ಗಿದೆ, ಕಟ್ಟಿದವನು ಇವನಲ್ಲ, ನಾನು. ಸಾಹೇಬರು ಬೈದು, ಅಲ್ಲೇ ಅವರನ್ನು ಕೆಲಸದಿಂದ ತೆಗೆದರು.

ನಾನು ಅವರ ಹಿಂದೆ ಓಡಿ, “ಸಾಬರೇ, ಈಗ್ಲಾದ್ರೂ ನನ್ ಮೇಲಿನ ಅನುಮಾನ ಹೋಯ್ತಾ?” ಎಂದೆ.

“ಎಲ್ಲೋಗ್ತದೆ? ಮೀನು ನೀನೇ ಹಿಡೀತಿದ್ದೆ. ಅದು ಬೇರೆ, ಇದು ಬೇರೆ. ಮನೇಗೆ ಹೋಗು.”

ಯುದ್ಧ ಮುಗಿದ ಮೇಲೆ ಅವರು ತೀರಿಕೊಂಡರು. ಮಣ್ಣು ಕೊಡಲು ಹೋದಾಗ ನಾನು ಅತ್ತುಬಿಟ್ಟೆ. ನನ್ನನ್ನು ನಂಬಿದವರು ಅಂದು ಏರಿಯಿಂದ ಇಳಿಯಲಿಲ್ಲ. ಮಗಳು ಹುಟ್ಟಿದಾಗ ನಾನು ಮನೆಯಲ್ಲಿದ್ದೆನೆಂದರೆ, ಅದು ನನ್ನನ್ನು ಕೊನೆಯವರೆಗೂ ನಂಬದಿದ್ದ ಆ ಮನುಷ್ಯನ ಋಣ.